ಗ್ರಾಮೀಣ ಮೂಲಸೌಕರ್ಯಗಳ ನಿರ್ವಹಣೆ ಮತ್ತು ಮರುಸ್ಥಾಪನೆ: ಮಳಖೇಡ ಭಾಗದ ಗ್ರಾಮ ಪಂಚಾಯತಿಗಳು ಯೋಜನೆ ರೂಪಿಸುವ ವಿಧಾನ

1. ಪೀಠಿಕೆ

ಗ್ರಾಮವೊಂದಕ್ಕೆ ಹೊಸ ನೀರಿನ ಟ್ಯಾಂಕ್ ಬಂದ ದಿನ ಉದ್ಘಾಟನೆ ನಡೆಯುತ್ತದೆ, ಫಲಕ ಏರುತ್ತದೆ. ಅದೇ ಟ್ಯಾಂಕಿನ ಒಳಗೋಡೆಯನ್ನು ಆರು ತಿಂಗಳಿಗೊಮ್ಮೆ ತೊಳೆಯುವ ಕೆಲಸಕ್ಕೆ ಉದ್ಘಾಟನೆಯೂ ಇಲ್ಲ, ಫಲಕವೂ ಇಲ್ಲ. ಆದರೆ ಗ್ರಾಮದ ಜನರ ಆರೋಗ್ಯವು ಬಹುಮಟ್ಟಿಗೆ ಈ ಎರಡನೆಯ ಕೆಲಸವನ್ನು ಅವಲಂಬಿಸಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಪಂಪಿನ ಮೋಟಾರು ಸುಟ್ಟು, ಅದನ್ನು ಬದಲಾಯಿಸಲು ಪಂಚಾಯತಿಯಲ್ಲಿ ಹಣವಿಲ್ಲದಿದ್ದರೆ, ಆ ಕೊರತೆಯ ಭಾರವನ್ನು ಕೊಡ ಹೊತ್ತು ದೂರದ ಬಾವಿಗೆ ನಡೆಯುವ ಮಹಿಳೆಯರೇ ಹೊರಬೇಕಾಗುತ್ತದೆ.

ಈಗಾಗಲೇ ಇರುವ ನೀರು ಸರಬರಾಜು ವ್ಯವಸ್ಥೆ, ರಸ್ತೆ, ಚರಂಡಿ, ಬೀದಿದೀಪ ಮತ್ತು ಕಟ್ಟಡಗಳನ್ನು ಸುಸ್ಥಿತಿಯಲ್ಲಿಡುವುದಕ್ಕೆ, ಆಯುಷ್ಯ ಮುಗಿದವುಗಳನ್ನು ಸಕಾಲದಲ್ಲಿ ಬದಲಾಯಿಸುವುದಕ್ಕೆ ಗ್ರಾಮ ಪಂಚಾಯತಿಯು ಹೇಗೆ ಯೋಜನೆ ರೂಪಿಸುತ್ತದೆ ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ಕಲಬುರಗಿ ಜಿಲ್ಲೆಯ ಮಳಖೇಡ ಹಾಗೂ ಸುತ್ತಲಿನ ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳ ಗ್ರಾಮಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ವಾಡಿ, ಶಹಾಬಾದ್‌ನಂತಹ ಪಟ್ಟಣಗಳು ನಗರ ಸ್ಥಳೀಯ ಸಂಸ್ಥೆಗಳ ಆಡಳಿತಕ್ಕೆ ಒಳಪಟ್ಟಿದ್ದು, ಅವುಗಳಿಗೆ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತದೆ. ಇಲ್ಲಿನ ವಿವರಣೆಯು ಗ್ರಾಮ ಪಂಚಾಯತಿಗಳಿಗೆ ಮಾತ್ರ ಸಂಬಂಧಿಸಿದೆ.

2. ಪ್ರದೇಶದ ಹಿನ್ನೆಲೆ

ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದು ಪ್ರಸಿದ್ಧಿಗೆ ಬಂದಿತು. ಕನ್ನಡ ನಾಡಿನ ಪ್ರಾಚೀನ ಶಾಸನಗಳಲ್ಲಿ "ಖಂಡಸ್ಫುಟಿತ ಜೀರ್ಣೋದ್ಧಾರ" ಎಂಬ ಮಾತು ಪದೇ ಪದೇ ಕಂಡುಬರುತ್ತದೆ. ಒಡೆದ, ಬಿರುಕುಬಿಟ್ಟ ಭಾಗಗಳ ದುರಸ್ತಿಗೆಂದೇ ದಾನಿಗಳು ಭೂಮಿಯನ್ನು ಬಿಡುತ್ತಿದ್ದರು. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ಅದನ್ನು ಕಾಪಾಡುವವರಿಗೆ ಭೂಮಿಯನ್ನು ಕಟ್ಟುಕೊಡಗೆಯಾಗಿ ನೀಡುವ ಪದ್ಧತಿಯೂ ಇತ್ತು. ಕಟ್ಟುವ ವೆಚ್ಚದ ಜೊತೆಗೆ ಕಾಪಾಡುವ ವೆಚ್ಚಕ್ಕೂ ಪ್ರತ್ಯೇಕ ಆದಾಯವನ್ನು ಗೊತ್ತುಪಡಿಸಬೇಕು ಎಂಬ ತತ್ವ ಈ ನೆಲಕ್ಕೆ ಹೊಸದಲ್ಲ.

ಈ ಭಾಗದ ನೆಲ ಮತ್ತು ನೀರಿನ ಗುಣಗಳು ನಿರ್ವಹಣಾ ಯೋಜನೆಯ ಮೇಲೆ ನೇರ ಪರಿಣಾಮ ಬೀರುತ್ತವೆ. ಮುಖ್ಯವಾದವು ಈ ಕೆಳಕಂಡಂತಿವೆ.

(ಅ) ಕಪ್ಪು ಎರೆಮಣ್ಣು: ಮಳೆಗಾಲದಲ್ಲಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಈ ಮಣ್ಣಿನಲ್ಲಿ ಹೂತ ಕೊಳವೆಗಳ ಜೋಡಣೆಗಳು ಸಡಿಲವಾಗುತ್ತವೆ, ರಸ್ತೆಯ ಅಂಚು ಕುಸಿಯುತ್ತದೆ, ಹಗುರ ಅಡಿಪಾಯದ ಗೋಡೆಗಳು ಸೀಳುತ್ತವೆ.

(ಆ) ಸುಣ್ಣಕಲ್ಲಿನ ನೆಲ: ಸೇಡಂ, ಚಿತ್ತಾಪುರ, ಶಹಾಬಾದ್ ಪ್ರದೇಶಗಳಲ್ಲಿ ಸುಣ್ಣಕಲ್ಲಿನ ಪದರಗಳು ವ್ಯಾಪಕವಾಗಿವೆ. ಶಹಾಬಾದ್ ಕಲ್ಲು ಎಂದು ನಾಡಿನಾದ್ಯಂತ ಹೆಸರಾದ ಹಾಸುಗಲ್ಲು ಇಲ್ಲಿಯದೇ. ಇಂತಹ ನೆಲದ ಅಂತರ್ಜಲದಲ್ಲಿ ಗಡಸುತನ ಹೆಚ್ಚಿರುವುದು ಸಾಮಾನ್ಯವಾದ್ದರಿಂದ ಕೊಳವೆ, ವಾಲ್ವ್ ಮತ್ತು ಪಂಪುಗಳಲ್ಲಿ ಉಪ್ಪಿನ ಪದರ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಟ್ಟು ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ.

(ಇ) ಭಾರೀ ವಾಹನಗಳು: ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಪ್ರದೇಶವಾದ್ದರಿಂದ ಹಲವೆಡೆ ಗ್ರಾಮದ ರಸ್ತೆಗಳ ಮೇಲೂ ಲಾರಿಗಳು ಸಂಚರಿಸುತ್ತವೆ. ರಸ್ತೆಗೆ ಆಗುವ ಹಾನಿಯು ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಅಂದರೆ ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟಾಗುತ್ತದೆ.

(ಈ) ನದಿಯ ನೆರೆ: 2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ಮತ್ತು ಕಾಗಿಣಾ ನದಿಗಳು ಉಕ್ಕಿ ಹರಿದಾಗ ದಂಡೆಯ ಗ್ರಾಮಗಳಿಗೆ ನೀರು ನುಗ್ಗಿತ್ತು. ನದಿಯ ಹತ್ತಿರವಿರುವ ಪಂಪ್‌ಹೌಸ್ ಮತ್ತು ವಿದ್ಯುತ್ ಫಲಕಗಳಿಗೆ ಇದು ನಿರಂತರ ಅಪಾಯ.

3. ಕಾನೂನಿನಡಿ ಪಂಚಾಯತಿಯ ಹೊಣೆ

ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿದ್ದು, 29ನೆಯದು ಸಾಮುದಾಯಿಕ ಆಸ್ತಿಗಳ ನಿರ್ವಹಣೆ. ರಾಜ್ಯದಲ್ಲಿ ಅದೇ ವರ್ಷ ಜಾರಿಗೆ ಬಂದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವನ್ನು ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂದು ಕರೆಯಲಾಗುತ್ತದೆ. ಇದರ 58ನೆಯ ಪ್ರಕರಣವು ಗ್ರಾಮ ಪಂಚಾಯತಿಯ ಪ್ರಕಾರ್ಯಗಳನ್ನು ತಿಳಿಸುತ್ತದೆ. 199ನೆಯ ಪ್ರಕರಣವು ತೆರಿಗೆ ವಿಧಿಸುವ ಅಧಿಕಾರವನ್ನು ನೀಡುತ್ತದೆ. ಹೊಣೆಯೂ ಆದಾಯದ ಅಧಿಕಾರವೂ ಒಂದೇ ಸಂಸ್ಥೆಯ ಕೈಯಲ್ಲಿವೆ ಎಂಬುದನ್ನು ಗಮನಿಸತಕ್ಕದ್ದು.

4. ಯಾವ ಆಸ್ತಿ ಯಾರದು

ಗ್ರಾಮದಲ್ಲಿ ಕಾಣುವ ಎಲ್ಲ ಸೌಕರ್ಯವೂ ಪಂಚಾಯತಿಯದಲ್ಲ. ಕಲಬುರಗಿ–ಸೇಡಂ ಹೆದ್ದಾರಿಯಂತಹ ಮುಖ್ಯ ರಸ್ತೆಗಳು ಪಂಚಾಯತಿಯ ವ್ಯಾಪ್ತಿಗೆ ಬರುವುದಿಲ್ಲ. ವಿದ್ಯುತ್ ಕಂಬ ಮತ್ತು ಪರಿವರ್ತಕಗಳು ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಯವು. ಕಂಬದ ಮೇಲಿನ ಬೀದಿದೀಪ ಮತ್ತು ಅದರ ಬಿಲ್ಲು ಪಂಚಾಯತಿಯದು. ಹಲವು ಗ್ರಾಮಗಳಿಗೆ ನೀರು ಕೊಡುವ ಬಹುಗ್ರಾಮ ಯೋಜನೆಯ ಮುಖ್ಯ ಕೊಳವೆ ಮತ್ತು ಶುದ್ಧೀಕರಣ ಘಟಕಗಳು ಪಂಚಾಯತಿಗಿಂತ ಮೇಲಿನ ಹಂತದಲ್ಲಿ ನಿರ್ವಹಿಸಲ್ಪಡುತ್ತವೆ. ಗ್ರಾಮದೊಳಗಿನ ವಿತರಣಾ ಜಾಲವು ಗ್ರಾಮ ಪಂಚಾಯತಿಯ ಹೊಣೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ನಿರ್ಮಿಸಿದ ರಸ್ತೆಯನ್ನು ಮೊದಲ 5 ವರ್ಷ ಗುತ್ತಿಗೆದಾರನೇ ನಿರ್ವಹಿಸಬೇಕಿರುತ್ತದೆ.

ಮಳಖೇಡದ ಕೋಟೆ ಮತ್ತು ಪ್ರಾಚೀನ ಬಸದಿಯ ಸುತ್ತಮುತ್ತ ಕೊಳವೆ ಅಥವಾ ಚರಂಡಿಗಾಗಿ ನೆಲ ಅಗೆಯುವುದಕ್ಕೆ ಮೊದಲು ಪುರಾತತ್ವ ಇಲಾಖೆಯನ್ನು ಸಂಪರ್ಕಿಸುವುದು ಅವಶ್ಯ. ಈ ಗಡಿಗಳನ್ನು ಮೊದಲೇ ಬರೆದಿಟ್ಟುಕೊಂಡರೆ, ದುರಸ್ತಿಯ ಸಮಯದಲ್ಲಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅರ್ಜಿ ಅಲೆಯುವುದು ತಪ್ಪುತ್ತದೆ.

5. ಮೊದಲ ಹಂತ: ಆಸ್ತಿ ವಹಿ

ಏನಿದೆ ಎಂಬುದೇ ತಿಳಿಯದೆ ಅದನ್ನು ಕಾಪಾಡುವ ಯೋಜನೆ ಸಾಧ್ಯವಿಲ್ಲ. ಆದುದರಿಂದ ಪಂಚಾಯತಿಯ ಆಸ್ತಿ ವಹಿಯೇ ಯೋಜನೆಯ ತಳಹದಿ. ಪ್ರತಿ ಆಸ್ತಿಯ ಮುಂದೆ ಈ ಕೆಳಕಂಡ ವಿವರಗಳಿರುವುದು ಅಪೇಕ್ಷಣೀಯ.

* ಆಸ್ತಿಯ ಹೆಸರು, ಗ್ರಾಮ, ವಾರ್ಡು ಮತ್ತು ನಿಖರ ಸ್ಥಳ
* ನಿರ್ಮಿಸಿದ ವರ್ಷ, ಯೋಜನೆಯ ಹೆಸರು ಮತ್ತು ಆಗಿನ ವೆಚ್ಚ
* ಅಳತೆ ಅಥವಾ ಸಾಮರ್ಥ್ಯ: ಕೊಳವೆಯ ಉದ್ದ ಮತ್ತು ವ್ಯಾಸ, ಟ್ಯಾಂಕಿನ ಲೀಟರ್, ಪಂಪಿನ ಅಶ್ವಶಕ್ತಿ, ಕೊಳವೆಬಾವಿಯ ಆಳ
* ಕೊನೆಯ ದುರಸ್ತಿಯ ದಿನಾಂಕ, ಸ್ವರೂಪ ಮತ್ತು ವೆಚ್ಚ
* ಈಗಿನ ಸ್ಥಿತಿ, ಅಂದಾಜು ಉಳಿದ ಆಯುಷ್ಯ ಮತ್ತು ಇಂದಿನ ದರದಲ್ಲಿ ಬದಲಾವಣೆಯ ವೆಚ್ಚ

ಕೊಳವೆ ಮಾರ್ಗದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಯಾವ ಓಣಿಯಲ್ಲಿ ಎಷ್ಟು ಆಳದಲ್ಲಿ ಕೊಳವೆ ಹೋಗಿದೆ, ಯಾವ ವಾಲ್ವ್ ಯಾವ ಭಾಗಕ್ಕೆ ನೀರು ಬಿಡುತ್ತದೆ ಎಂಬುದು ಅನೇಕ ಗ್ರಾಮಗಳಲ್ಲಿ ನೀರುಗಂಟಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರು ನಿವೃತ್ತರಾದಾಗ ಆ ನಕ್ಷೆಯೂ ಅವರೊಂದಿಗೇ ಹೋಗುತ್ತದೆ. ಆದುದರಿಂದ ನೀರುಗಂಟಿಯೊಂದಿಗೆ ಗ್ರಾಮವನ್ನು ಸುತ್ತಿ, ಗ್ರಾಮದ ನಕ್ಷೆಯ ಮೇಲೆ ಕೊಳವೆ ಮತ್ತು ವಾಲ್ವ್‌ಗಳನ್ನು ಗುರುತಿಸಿ ಪಂಚಾಯತಿ ಕಚೇರಿಯಲ್ಲಿ ಇಡುವುದು ಅತಿ ಕಡಿಮೆ ವೆಚ್ಚದ, ಅತಿ ಹೆಚ್ಚು ಉಪಯೋಗದ ಕೆಲಸ.

6. ಎರಡನೆಯ ಹಂತ: ಸ್ಥಿತಿಯ ಪರಿಶೀಲನೆ

ವರ್ಷಕ್ಕೆ ಎರಡು ಬಾರಿ, ಅಂದರೆ ಮುಂಗಾರಿಗೆ ಮೊದಲು ಮತ್ತು ಮಳೆಗಾಲ ಮುಗಿದ ನಂತರ, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ವಾರ್ಡಿನ ಸದಸ್ಯರು, ನೀರುಗಂಟಿ ಹಾಗೂ ಸಾಧ್ಯವಿದ್ದಲ್ಲಿ ಇಂಜಿನಿಯರ್ ಜಂಟಿಯಾಗಿ ಪರಿಶೀಲನೆ ನಡೆಸುವುದು ಸೂಕ್ತ. ಪ್ರತಿ ಆಸ್ತಿಯನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸಬಹುದು.

ದರ್ಜೆ 1: ಸುಸ್ಥಿತಿ, ದೈನಂದಿನ ನಿರ್ವಹಣೆ ಸಾಕು.
ದರ್ಜೆ 2: ಸಣ್ಣ ದುರಸ್ತಿ ಬೇಕು, ಈ ವರ್ಷದ ಆಯವ್ಯಯದಲ್ಲಿ ಸೇರಿಸಬೇಕು.
ದರ್ಜೆ 3: ದೊಡ್ಡ ದುರಸ್ತಿ ಬೇಕು, ಅಂದಾಜು ಪಟ್ಟಿ ತಯಾರಿಸಬೇಕು.
ದರ್ಜೆ 4: ಆಯುಷ್ಯ ಮುಗಿದಿದೆ ಅಥವಾ ಅಪಾಯಕಾರಿ, ಬಳಕೆ ನಿಲ್ಲಿಸಿ ಬದಲಾಯಿಸಬೇಕು.

ಪರಿಶೀಲನೆಯಲ್ಲಿ ಮೊದಲು ನೋಡಬೇಕಾದದ್ದು ಚರಂಡಿಯನ್ನು ದಾಟಿ ಹೋಗುವ ನೀರಿನ ಕೊಳವೆಗಳನ್ನು. ನೀರು ಬಿಡುವ ಹೊತ್ತಿನಲ್ಲಿ ಒತ್ತಡದಿಂದ ಸೋರುವ ಜೋಡಣೆಯು, ನೀರು ನಿಲ್ಲಿಸಿದ ನಂತರ ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂಗಾರಿನ ಆರಂಭದಲ್ಲಿ ವಾಂತಿಭೇದಿ ಹರಡುವುದಕ್ಕೆ ಇದು ಪ್ರಮುಖ ಕಾರಣಗಳಲ್ಲಿ ಒಂದು. ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರತಕ್ಕದ್ದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಡಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲು ಅವಕಾಶ ಕಲ್ಪಿಸಲಾಯಿತು. ಅವರು ದಾಖಲಿಸುವ ಫಲಿತಾಂಶಗಳು ಆಸ್ತಿಯ ಸ್ಥಿತಿಯನ್ನು ತಿಳಿಸುವ ನಂಬಲರ್ಹ ಸೂಚನೆಗಳೂ ಆಗಿವೆ. ಕ್ಲೋರಿನ್ ಟ್ಯಾಂಕಿನಲ್ಲಿ ಸರಿಯಿದ್ದು ನಲ್ಲಿಯಲ್ಲಿ ಇಲ್ಲವಾದರೆ, ನಡುವೆ ಎಲ್ಲೋ ಕೊಳವೆ ಕೆಟ್ಟಿರುವ ಸಂಭವವಿದೆ.

7. ಮೂರನೆಯ ಹಂತ: ಆಯುಷ್ಯ ಮತ್ತು ವೆಚ್ಚದ ಲೆಕ್ಕ

ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯು ವಿನ್ಯಾಸಕ್ಕಾಗಿ ಪಂಪು ಮತ್ತು ಮೋಟಾರುಗಳಿಗೆ 15 ವರ್ಷ, ಪಂಪ್‌ಹೌಸ್ ಕಟ್ಟಡಕ್ಕೆ 30 ವರ್ಷ, ಸಾಗಣೆ ಮತ್ತು ವಿತರಣಾ ಕೊಳವೆಗಳಿಗೆ 30 ವರ್ಷಗಳ ಅವಧಿಯನ್ನು ಪರಿಗಣಿಸಿದೆ. ವೋಲ್ಟೇಜ್ ಏರಿಳಿತ, ಕುಸಿಯುವ ಅಂತರ್ಜಲ ಮತ್ತು ಗಡಸು ನೀರು ಇರುವಲ್ಲಿ ಪಂಪುಗಳು ಇದಕ್ಕಿಂತ ಬೇಗ ಕೆಡುತ್ತವೆ. ಆದುದರಿಂದ ಪಂಚಾಯತಿಯು ತನ್ನ ದುರಸ್ತಿ ದಾಖಲೆಗಳ ಆಧಾರದ ಮೇಲೆ ಅವಧಿಯನ್ನು ನಿಗದಿಪಡಿಸಿಕೊಳ್ಳುವುದು ಒಳಿತು.

ಲೆಕ್ಕದ ವಿಧಾನ ಸರಳವಾದದ್ದು: ಇಂದಿನ ದರದಲ್ಲಿ ಬದಲಾಯಿಸಲು ತಗಲುವ ವೆಚ್ಚವನ್ನು ಆಯುಷ್ಯದ ವರ್ಷಗಳಿಂದ ಭಾಗಿಸಿದರೆ ಪ್ರತಿ ವರ್ಷ ಎತ್ತಿಡಬೇಕಾದ ಮೊತ್ತ ದೊರೆಯುತ್ತದೆ. ಕೇವಲ ತಿಳುವಳಿಕೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ಕೊಡಲಾಗಿದೆ. 400 ಮನೆಗಳ ಗ್ರಾಮವೊಂದರಲ್ಲಿ:

* ಪಂಪು, ಮೋಟಾರು ಮತ್ತು ಫಲಕ: 1,50,000 ರೂ., 10 ವರ್ಷ. ವಾರ್ಷಿಕ 15,000 ರೂ.
* ಮೇಲ್ಮಟ್ಟದ ಟ್ಯಾಂಕ್: 18,00,000 ರೂ., 30 ವರ್ಷ. ವಾರ್ಷಿಕ 60,000 ರೂ.
* ವಿತರಣಾ ಕೊಳವೆಗಳು: 18,00,000 ರೂ., 30 ವರ್ಷ. ವಾರ್ಷಿಕ 60,000 ರೂ.

ಒಟ್ಟು ವಾರ್ಷಿಕ 1,35,000 ರೂ. ಆಗುತ್ತದೆ. ಇದನ್ನು 400 ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 28 ರೂ. ವಿದ್ಯುತ್, ನೀರುಗಂಟಿಯ ವೇತನ, ಕ್ಲೋರಿನ್ ಮತ್ತು ಸಣ್ಣ ದುರಸ್ತಿಗಳ ವೆಚ್ಚ ಇದರಲ್ಲಿ ಸೇರಿಲ್ಲ. ಮಾಸಿಕ ನೀರಿನ ಶುಲ್ಕ 60 ರೂ. ಎಂದಿಟ್ಟುಕೊಂಡರೆ ವರ್ಷದ ಬೇಡಿಕೆ 2,88,000 ರೂ. ಅದರಲ್ಲಿ ಅರ್ಧ ಮಾತ್ರ ವಸೂಲಾದರೆ ಕೈಗೆ ಬರುವುದು 1,44,000 ರೂ. ಬದಲಾವಣೆಗೆ ಎತ್ತಿಡಬೇಕಾದ ಮೊತ್ತವನ್ನು ಕಳೆದರೆ ವೇತನ ಮತ್ತು ವಿದ್ಯುತ್ತಿಗೆ ಉಳಿಯುವುದು 9,000 ರೂ. ಮಾತ್ರ. ಇಂತಹ ಸ್ಥಿತಿಯಲ್ಲಿ ಪಂಚಾಯತಿಗಳು ಸಹಜವಾಗಿಯೇ ಎತ್ತಿಡುವುದನ್ನು ಕೈಬಿಡುತ್ತವೆ, ಮತ್ತು ಅದರ ಪರಿಣಾಮ ಹತ್ತು ವರ್ಷಗಳ ನಂತರ ಒಮ್ಮೆಲೇ ಕಾಣಿಸುತ್ತದೆ. ದರಗಳು ಏರುವುದರಿಂದ ಈ ಲೆಕ್ಕವನ್ನು ಪ್ರತಿ ವರ್ಷ ಪರಿಷ್ಕರಿಸತಕ್ಕದ್ದು.

ಶುದ್ಧ ಕುಡಿಯುವ ನೀರಿನ ಘಟಕಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಘಟಕದ ಪೊರೆಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಲೇಬೇಕು. ಗಡಸು ನೀರಿರುವಲ್ಲಿ ಇನ್ನೂ ಬೇಗ. ನಾಣ್ಯ ಹಾಕಿ ಪಡೆಯುವ ನೀರಿನ ಆದಾಯದಲ್ಲಿ ಒಂದು ಪಾಲನ್ನು ಇದಕ್ಕೆಂದೇ ಇರಿಸದಿದ್ದಲ್ಲಿ ಘಟಕಕ್ಕೆ ಬೀಗ ಬೀಳುತ್ತದೆ.

8. ನಾಲ್ಕನೆಯ ಹಂತ: ಆದ್ಯತೆಯ ನಿರ್ಣಯ

ಎಲ್ಲ ಕೆಲಸಗಳಿಗೂ ಒಂದೇ ವರ್ಷದಲ್ಲಿ ಹಣ ಒದಗುವುದಿಲ್ಲ. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ. ಕೆಟ್ಟರೆ ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯವಿದೆಯೇ? ಎಷ್ಟು ಮನೆಗಳಿಗೆ ತೊಂದರೆಯಾಗುತ್ತದೆ, ಅವುಗಳಿಗೆ ಬೇರೆ ವ್ಯವಸ್ಥೆ ಇದೆಯೇ? ಒಂದು ವರ್ಷ ಮುಂದೂಡಿದರೆ ವೆಚ್ಚ ಎಷ್ಟು ಹೆಚ್ಚುತ್ತದೆ?

ಮೂರನೆಯ ಪ್ರಶ್ನೆಯನ್ನು ಬಹಳ ಬಾರಿ ಮರೆಯಲಾಗುತ್ತದೆ. ರಸ್ತೆಯ ಪಕ್ಕದ ಚರಂಡಿಯಲ್ಲಿ ಹೂಳು ತೆಗೆಯಲು ಕೆಲವು ದಿನಗಳ ಕೂಲಿ ಸಾಕು. ಅದನ್ನು ತೆಗೆಯದಿದ್ದರೆ ನೀರು ರಸ್ತೆಯ ಅಡಿಗೆ ಇಳಿದು, ಎರೆಮಣ್ಣು ಮೆತ್ತಗಾಗಿ, ಲಾರಿಯ ಭಾರಕ್ಕೆ ರಸ್ತೆಯೇ ಕುಸಿಯುತ್ತದೆ. ಚರಂಡಿಯ ಮೇಲೆ ಹೊದಿಸಿದ ಶಹಾಬಾದ್ ಕಲ್ಲುಗಳನ್ನು ಎತ್ತಲಾಗದಂತೆ ಸಿಮೆಂಟಿನಿಂದ ಬಿಗಿಯದೆ, ಅಲ್ಲಲ್ಲಿ ತೆರೆಯಬಹುದಾದ ಕಲ್ಲುಗಳನ್ನು ಬಿಡುವುದು ನಿರ್ವಹಣೆಯ ದೃಷ್ಟಿಯಿಂದ ಅಗತ್ಯ.

ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಊರಿನ ಅಂಚಿನ ಕಾಲೋನಿಗಳನ್ನು, ತಾಂಡಾಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕೊಳವೆ ಮಾರ್ಗದ ಕೊನೆಯಲ್ಲಿರುವ ಮನೆಗಳಿಗೆ ಒತ್ತಡ ಮೊದಲು ಕಡಿಮೆಯಾಗುತ್ತದೆ. ದೂರು ಕೊನೆಗೆ ತಲುಪುತ್ತದೆ.

9. ಹಣಕಾಸಿನ ಮೂಲಗಳು

(ಅ) ಸ್ವಂತ ಸಂಪನ್ಮೂಲ: ಕಟ್ಟಡ ಮತ್ತು ಜಮೀನಿನ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆಯ ಶುಲ್ಕ ಇತ್ಯಾದಿ. ಯಾವ ದುರಸ್ತಿಗೆ ಎಷ್ಟು ಎಂಬುದನ್ನು ಪಂಚಾಯತಿಯೇ ನಿರ್ಧರಿಸಬಹುದಾದ ಹಣ ಇದು. ಬದಲಾವಣೆಯ ನಿಧಿಯನ್ನು ಎತ್ತಿಡಲು ಇದೇ ಹೆಚ್ಚು ಸೂಕ್ತ.

(ಆ) ಹಣಕಾಸು ಆಯೋಗದ ಅನುದಾನ: 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ 15ನೆಯ ಹಣಕಾಸು ಆಯೋಗವು ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60ರಷ್ಟನ್ನು ನಿರ್ಬಂಧಿತವಾಗಿರಿಸಿತು. ಇದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಮೀಸಲಾಗಿತ್ತು. ಉಳಿದ ಶೇ. 40ನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದಿತ್ತು; ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ.

(ಇ) ರಾಜ್ಯ ಸರ್ಕಾರದ ಅನುದಾನಗಳು ಹಾಗೂ ಇಲಾಖಾ ಯೋಜನೆಗಳು.

(ಈ) ಪ್ರಾದೇಶಿಕ ನಿಧಿ: ಸಂವಿಧಾನದ 371ಜೆ ಅನುಚ್ಛೇದದ ಹಿನ್ನೆಲೆಯಲ್ಲಿ ಕಾರ್ಯನಿರ್ವಹಿಸುತ್ತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿಗಳು. ಇವು ಹೆಚ್ಚಾಗಿ ಹೊಸ ನಿರ್ಮಾಣಕ್ಕೆ ಸಂಬಂಧಿಸಿರುವುದರಿಂದ, ಹಸ್ತಾಂತರದ ನಂತರದ ನಿರ್ವಹಣೆಯ ವೆಚ್ಚವನ್ನು ಪಂಚಾಯತಿಯು ಮೊದಲೇ ಲೆಕ್ಕ ಹಾಕಬೇಕು.

(ಉ) ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ: 2015ರ ಗಣಿ ಕಾನೂನಿನ ತಿದ್ದುಪಡಿಯ ಮೂಲಕ ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಿಗಾಗಿ ಸ್ಥಾಪಿತವಾಗಿದೆ. ಸುಣ್ಣಕಲ್ಲಿನ ಗಣಿಗಳ ಸಮೀಪದ ಗ್ರಾಮಗಳು ಕುಡಿಯುವ ನೀರು ಮುಂತಾದ ಕೆಲಸಗಳಿಗೆ ಜಿಲ್ಲಾ ಹಂತದಲ್ಲಿ ಪ್ರಸ್ತಾವನೆ ಸಲ್ಲಿಸಬಹುದು. ಆಸ್ತಿ ವಹಿ ಮತ್ತು ಪರಿಶೀಲನಾ ವರದಿ ಸಿದ್ಧವಿರುವ ಪಂಚಾಯತಿಯ ಪ್ರಸ್ತಾವನೆಗೆ ಸಹಜವಾಗಿಯೇ ಹೆಚ್ಚು ಬಲವಿರುತ್ತದೆ.

10. ವಾರ್ಷಿಕ ಕಾಲಪಟ್ಟಿ

ಏಪ್ರಿಲ್–ಮೇ: ಪಂಪು, ಕೊಳವೆಬಾವಿಗಳ ತುರ್ತು ನಿರ್ವಹಣೆ, ಬದಲಿ ಮೋಟಾರು ಸಿದ್ಧವಾಗಿಡುವುದು, ಮುಂಗಾರು ಪೂರ್ವ ಪರಿಶೀಲನೆ, ಚರಂಡಿ ಹೂಳು ತೆಗೆಯುವುದು.
ಜೂನ್–ಸೆಪ್ಟೆಂಬರ್: ನೀರಿನ ಗುಣಮಟ್ಟದ ಪರೀಕ್ಷೆ, ಕ್ಲೋರಿನೀಕರಣ, ಶಾಲೆ ಮತ್ತು ಅಂಗನವಾಡಿ ಚಾವಣಿಗಳ ಸೋರಿಕೆ ಗುರುತಿಸಿ ಸಂಬಂಧಿಸಿದ ಇಲಾಖೆಗೆ ವರದಿ, ನದಿ ದಂಡೆಯ ವಿದ್ಯುತ್ ಫಲಕಗಳ ರಕ್ಷಣೆ.
ಅಕ್ಟೋಬರ್–ಡಿಸೆಂಬರ್: ಮಳೆಗಾಲೋತ್ತರ ಪರಿಶೀಲನೆ, ವಾರ್ಡು ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಚರ್ಚೆ, ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರ್ಪಡೆ.
ಜನವರಿ–ಮಾರ್ಚ್: ಅಂದಾಜು ಪಟ್ಟಿ, ಆಯವ್ಯಯ ಅಂಗೀಕಾರ, ತೆರಿಗೆ ವಸೂಲಿ ಅಭಿಯಾನ, ರಸ್ತೆ ದುರಸ್ತಿ.

ನದಿ ದಂಡೆಯಲ್ಲಿ ಫಲಕಗಳನ್ನು ಮರುಸ್ಥಾಪಿಸುವಾಗ, ಗ್ರಾಮಸ್ಥರು ಕಂಡ ಅತಿ ಹೆಚ್ಚಿನ ನೆರೆಯ ಮಟ್ಟವನ್ನು ಗೋಡೆಯ ಮೇಲೆ ಗುರುತು ಮಾಡಿ, ಅದಕ್ಕಿಂತ ಎತ್ತರದಲ್ಲಿ ಅಳವಡಿಸತಕ್ಕದ್ದು.

11. ನಿರುಪಯುಕ್ತ ಆಸ್ತಿಗಳ ವಿಲೇವಾರಿ

ಬದಲಾಯಿಸುವುದೆಂದರೆ ಹೊಸದನ್ನು ತರುವುದಷ್ಟೇ ಅಲ್ಲ, ಹಳೆಯದನ್ನು ಸುರಕ್ಷಿತವಾಗಿ ಮುಗಿಸುವುದೂ ಹೌದು. ಶಿಥಿಲವಾದ ಟ್ಯಾಂಕುಗಳ ಕೆಳಗೆ ಮಕ್ಕಳು ಆಡದಂತೆ ಬೇಲಿ ಹಾಕಿ, ನಿಯಮಾನುಸಾರ ಕೆಡವಬೇಕು. ವಿಫಲವಾದ ಕೊಳವೆಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮಾರ್ಗಸೂಚಿ ನೀಡಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ದೀರ್ಘ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಪ್ರಕರಣಗಳೂ ಹೀಗೆ ಮುಗಿಯುವುದಿಲ್ಲ. ಆದುದರಿಂದ ಆಸ್ತಿ ವಹಿಯಲ್ಲಿ "ವಿಫಲ" ಎಂದು ಬರೆದ ಪ್ರತಿ ಕೊಳವೆಬಾವಿಯ ಮುಂದೆ "ಮುಚ್ಚಿದ ದಿನಾಂಕ" ಎಂಬ ಅಂಕಣ ಖಾಲಿ ಇರಕೂಡದು.

12. ಗ್ರಾಮಸ್ಥರ ಪಾತ್ರ

ಗ್ರಾಮ ಸಭೆಯನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಕರೆಯತಕ್ಕದ್ದು. ಮತದಾರರ ಹತ್ತನೆಯ ಒಂದು ಭಾಗ ಅಥವಾ 100 ಜನ, ಇವುಗಳಲ್ಲಿ ಕಡಿಮೆಯಾದದ್ದು ಅದರ ಕೋರಂ. ಸಭೆಯಲ್ಲಿ ಹೊಸ ಕಾಮಗಾರಿಗಳ ಬೇಡಿಕೆಯ ಜೊತೆಗೆ, ಇರುವ ಆಸ್ತಿಗಳ ಸ್ಥಿತಿಯ ಪಟ್ಟಿಯನ್ನು ಓದಿ ಹೇಳುವಂತೆ ಗ್ರಾಮಸ್ಥರು ಕೇಳಬಹುದು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಕಾಮಗಾರಿಗಳನ್ನು ಮತ್ತು ಲೆಕ್ಕಪತ್ರಗಳನ್ನು ಸಾರ್ವಜನಿಕರು ಪರಿಶೀಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಆಸ್ತಿ ವಹಿಯ ಪ್ರತಿಯನ್ನು ಪಡೆಯಲು ಅರ್ಜಿ ಸಲ್ಲಿಸಬಹುದು.

ನೀರಿನ ಶುಲ್ಕ ಮತ್ತು ತೆರಿಗೆಯನ್ನು ಪಾವತಿಸಿ ರಸೀದಿ ಪಡೆಯುವುದು, ಸೋರಿಕೆಯನ್ನು ಕಂಡ ದಿನವೇ ತಿಳಿಸುವುದು, ಮುಖ್ಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸದಿರುವುದು ನಾಗರಿಕರ ಕರ್ತವ್ಯ. ಪಾವತಿಸಿದ ಹಣದಿಂದ ಯಾವ ಕೊಳವೆ, ಯಾವ ಪಂಪು ದುರಸ್ತಿಯಾಯಿತು ಎಂಬುದನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು ಪಂಚಾಯತಿಯ ಕರ್ತವ್ಯ. ಈ ಎರಡೂ ಒಟ್ಟಿಗೆ ನಡೆದಲ್ಲಿ ವಸೂಲಾತಿ ಸುಧಾರಿಸುತ್ತದೆ, ಬದಲಾವಣೆಯ ನಿಧಿ ಬೆಳೆಯುತ್ತದೆ, ಮತ್ತು ಮುಂದಿನ ಬೇಸಿಗೆಯಲ್ಲಿ ಮೋಟಾರು ಕೆಟ್ಟರೆ ಅದನ್ನು ತಡವಿಲ್ಲದೆ ಬದಲಾಯಿಸಲು ಪಂಚಾಯತಿಗೆ ಸಾಧ್ಯವಾಗುತ್ತದೆ.

ಹೆಚ್ಚಿನ ವಿವರಗಳಿಗೆ ಸಂಬಂಧಿಸಿದ ಗ್ರಾಮ ಪಂಚಾಯತಿಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ಅಥವಾ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.